ಸಾಹುಕಾರನ ವಹಿ, ಹಾಡುಗಾರನ ವಹಿ

ಜೂನ್ ತಿಂಗಳು ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಗಳ ಬಜಾರಿನಲ್ಲಿ ಎರಡು ವ್ಯಾಪಾರಗಳು ಒಟ್ಟಿಗೇ ಬಿರುಸಾಗುತ್ತವೆ. ಒಂದು ತೊಗರಿ, ಹೆಸರಿನ ಬಿತ್ತನೆ ಬೀಜದ್ದು. ಇನ್ನೊಂದು ಶಾಲೆಯ ಮಕ್ಕಳ ವಹಿಗಳದ್ದು. ಮೈಸೂರು ಸೀಮೆಯವರು ನೋಟ್ ಬುಕ್ ಎಂದು ಕರೆಯುವ, ಗೆರೆ ಹೊಡೆದ ಹಾಳೆಗಳನ್ನು ಸೇರಿಸಿ ಹೊಲಿದ ಪುಸ್ತಕಕ್ಕೆ ಉತ್ತರ ಕರ್ನಾಟಕದಲ್ಲಿ ವಹಿ ಎಂಬುದು ಹಳೆಯ ಹೆಸರು. ಉರ್ದು ಮಾತಾಡುವ ಮನೆಗಳಲ್ಲಿ ಅದೇ ಕಾಪಿ. ಇಂಗ್ಲಿಷ್ ಶಾಲೆಗಳು ಬಂದ ಮೇಲೆ ನೋಟ್ ಬುಕ್ ಎಂಬ ಮಾತೂ ಸೇರಿಕೊಂಡಿದೆ. ಆದರೂ ವಹಿ ಇನ್ನೂ ಬಳಕೆಯಿಂದ ಹೋಗಿಲ್ಲ.

ಈ ಹೆಸರಿನ ಹಿಂದಿರುವ ಚರಿತ್ರೆ ಮಾತ್ರ ಶಾಲೆಯದಲ್ಲ, ಅಂಗಡಿಯದು. ಮರಾಠಿಯ ವಹಿ ಹಾಗೂ ಹಿಂದಿಯ ಬಹಿ ಒಂದೇ ಪದದ ಎರಡು ರೂಪಗಳು. ವರ್ತಕನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಲೆಕ್ಕದ ಪುಸ್ತಕಕ್ಕೆ ಸಂದ ಹೆಸರು ಅದು. ಮಕ್ಕಳ ಪಾಟಿಚೀಲಕ್ಕೆ ಅದು ಇಳಿದು ಬಂದದ್ದು ಬಹಳ ತಡವಾಗಿ. ಆದ್ದರಿಂದಲೇ ಹಳ್ಳಿಯ ಹಿರಿಯರು ‘ಅವನ ಹೆಸರು ವಹಿಯಲ್ಲಿದೆ’ ಎಂದರೆ ಆತ ಶಾಲೆಗೆ ಹೋಗುತ್ತಾನೆ ಎಂದು ಅರ್ಥವಲ್ಲ. ಆತನ ಮೇಲೆ ಸಾಲವಿದೆ ಎಂದರ್ಥ. ಭೀಮಾ ತೀರದ ಈ ಮೂರು ತಾಲೂಕುಗಳಲ್ಲಿ ಬರೆಯುವ ಪುಸ್ತಕದ ಕಥೆ ಎಂದರೆ ಬಹುಮಟ್ಟಿಗೆ ಆ ಪುಸ್ತಕ ಯಾರ ಕೈಯಲ್ಲಿತ್ತು, ಅದನ್ನು ಓದಬಲ್ಲವರು ಯಾರಿದ್ದರು ಎಂಬುದರ ಕಥೆಯೇ ಆಗಿದೆ.

ಚರ್ಮ, ಬಟ್ಟೆ, ಕಾಗದ

ಪದಗಳ ದಾರಿ ಹಿಡಿದು ಹೊರಟರೆ ಕುತೂಹಲದ ಸಂಗತಿಗಳು ಸಿಗುತ್ತವೆ. ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಹೇಳುವ ‘ದಫ್ತರ’ ಪಾರಸಿಯಿಂದ ಬಂದದ್ದು. ಅದರ ಮೂಲ ಗ್ರೀಕರ ‘ದಿಫ್ತೆರಾ’ ಎಂಬ ಪದ. ಹದ ಮಾಡಿದ ಚರ್ಮ ಎಂದು ಅದರ ಅರ್ಥ. ಹಿಂದೆ ಆಡು ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದ ಕಾರಣ ಅಯೋನಿಯದ ಗ್ರೀಕರು ಪೆಪೈರಸ್ ಹಾಳೆಗಳನ್ನೂ ಚರ್ಮವೆಂದೇ ಕರೆಯುತ್ತಾರೆ ಎಂದು ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಕವಿತೆಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕಕ್ಕೆ ಉರ್ದುವಿನಲ್ಲಿ ‘ಬಯಾಜ್’ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಬಿಳುಪು. ಬರೆಯುವುದಕ್ಕೆ ಮುಂಚಿನ ಖಾಲಿ ಹಾಳೆಯ ಬಣ್ಣವೇ ಪುಸ್ತಕದ ಹೆಸರಾಯಿತು.

ಕನ್ನಡ ನಾಡಿನ ದಕ್ಷಿಣದಲ್ಲಿ ಇದ್ದುದು ಕರಿಯ ಪುಸ್ತಕ. ಅದರ ಹೆಸರು ಕಡತ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಗೋಂದು ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳಿಂದ ಆಯ್ದ ಭಾಗಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿ ಪ್ರಕಟಿಸಿದ್ದಾರೆ. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯುವುದು ಕಡತದ ಅನುಕೂಲ. ಇಂಥ ವಸ್ತುವಿನ ಹೆಸರೇ ಇಂದಿನ ಸರ್ಕಾರಿ ಫೈಲಿಗೆ ಅಂಟಿಕೊಂಡಿರುವುದು ತಮಾಷೆಯೇ ಸರಿ.

ಭೀಮಾ ತೀರದಲ್ಲಿ ಕಾಗದದ ವಹಿಯದೇ ಮೇಲುಗೈಯಾಯಿತು. 1347ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾದಂದಿನಿಂದ ಇಲ್ಲಿನ ಆಡಳಿತದ ಮೇಲೆ ಪಾರಸಿಯ ನೆರಳು ಬಿತ್ತು. ಪಾರಸಿ ಆಡಳಿತವೆಂದರೆ ಕಾಗದದ ಆಡಳಿತ. ದೌಲತಾಬಾದಿನ ಹತ್ತಿರದ ಕಾಗಜಿಪುರ ಎಂಬ ಊರು ಕೈಕಾಗದಕ್ಕೆ ಹೆಸರಾಗಿತ್ತು. ಹೆಸರಿನಲ್ಲೇ ಕಾಗದವನ್ನಿಟ್ಟುಕೊಂಡ ಊರು ಅದು. ಇತ್ತ ಆಳಂದವಂತೂ ಮರಾಠಿ ಸೀಮೆಗೆ ಹೊಂದಿಕೊಂಡಿರುವ ತಾಲೂಕು. ಅಕ್ಕಲಕೋಟೆ, ಉಮರ್ಗಾ, ಸೊಲ್ಲಾಪುರಗಳ ವ್ಯಾಪಾರದ ಜೊತೆಗೆ ಅಲ್ಲಿನ ಲೆಕ್ಕದ ಮಾತುಗಳೂ ಗಡಿ ದಾಟಿ ಬಂದವು.

ಕೆಂಪು ಬಟ್ಟೆಯ ಪುಸ್ತಕ

ಹಳೆಯ ಅಂಗಡಿಯ ವಹಿಯನ್ನು ನೋಡಿದವರಿಗೆ ಅದರ ರೂಪ ಮರೆಯುವಂಥದ್ದಲ್ಲ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ಒಂದು ತುದಿಗೆ ದಪ್ಪ ದಾರದ ಹೊಲಿಗೆ. ಹಾಳೆಯ ಮೇಲೆ ಅಚ್ಚಿನ ಗೆರೆಗಳಿರುವುದಿಲ್ಲ. ಕಾಗದವನ್ನು ಮಡಚಿ ಬಿಡಿಸಿದಾಗ ಮೂಡುವ ಗುರುತುಗಳೇ ಅಂಕಣಗಳು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದಿನದಿನದ ವ್ಯವಹಾರ ಬರೆಯುವುದು ಕೀರ್ದಿ. ಅದರಿಂದ ಒಬ್ಬೊಬ್ಬ ಗಿರಾಕಿಯ ಹೆಸರಿಗೆ ಬೇರೆ ಬೇರೆ ಪುಟ ತೆರೆದು ಏರಿಸುವುದು ಖತಾವಣಿ. ಸಂಜೆ ಉಳಿದ ಹಣ ಶಿಲ್ಕು. ಕೊಡದೆ ಉಳಿದದ್ದು ಬಾಕಿ, ಕೊಡುವ ಭರವಸೆಯ ಮೇಲೆ ಒಯ್ದದ್ದು ಉದ್ರಿ. ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗುಹಾಕಿದ್ದರೂ ಆ ಹಲಗೆಯ ಕೆಳಗೇ ಉದ್ರಿ ವ್ಯಾಪಾರ ನಡೆಯುತ್ತಿತ್ತು ಎಂಬುದು ಬೇರೆ ಮಾತು.

ದೀಪಾವಳಿಗೆ ವಹಿಗಳ ಪೂಜೆ. ಲಕ್ಷ್ಮಿಯ ಮುಂದೆ ಹೊಸ ವಹಿಯನ್ನಿಟ್ಟು, ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಅರಿಸಿನ ಕುಂಕುಮ ಹಚ್ಚಿ, ಪಾಡ್ಯದ ದಿನದಿಂದ ಹೊಸ ಲೆಕ್ಕ ಆರಂಭಿಸುವುದು ಪದ್ಧತಿ. ಹಳೆಯ ವಹಿಯ ಬಾಕಿಗಳು ಮಾತ್ರ ಪೂಜೆಗೆ ಮೊದಲೇ ಹೊಸ ವಹಿಗೆ ಬಂದು ಕೂತಿರುತ್ತಿದ್ದವು.

ರೈತನ ಬದುಕಿನ ಒಂದು ವರ್ಷವೆಲ್ಲ ಆ ಒಂದು ಪುಟದಲ್ಲಿರುತ್ತಿತ್ತು. ಮಿರಗದ ಮಳೆಗೆ ಬೀಜ, ನಾಗರ ಪಂಚಮಿಗೆ ಬೆಲ್ಲ, ಕೊಬ್ಬರಿ, ದಸರೆಗೆ ಬಟ್ಟೆ, ನಡುವೆ ಒಂದು ಮದುವೆ ಅಥವಾ ಸಾವು. ‘ವಹಿದಾಗ ಬರಕೋರಿ, ಸಾವಕಾರ್ರ’ ಎಂದು ಹೇಳಿ ಸಾಮಾನು ಹೊತ್ತುಕೊಂಡು ಬರುವುದಷ್ಟೇ ರೈತನ ಕೆಲಸ. ಎಷ್ಟು ಬರೆದುಕೊಂಡರು ಎಂದು ಕೇಳುವ ರೂಢಿ ಇರಲಿಲ್ಲ, ಕೇಳಿದರೂ ಓದಿ ನೋಡುವ ಬಲವಿರಲಿಲ್ಲ. ಬರವಣಿಗೆ ಕನ್ನಡದಲ್ಲೇ ಇರಬೇಕೆಂದೇನೂ ಇಲ್ಲ. ಮೋಡಿ ಲಿಪಿಯ ಮರಾಠಿ ಇರಬಹುದು, ಮಾರವಾಡಿ ವರ್ತಕನಾದರೆ ಅವನದೇ ಅಕ್ಷರ. ಪುಷ್ಯ ಮಾಸದಲ್ಲಿ ತೊಗರಿ ಬಂದಾಗ ಅದನ್ನು ಒಯ್ದು ಹಾಕುವುದೂ ಬಹಳ ಸಲ ಅದೇ ಅಡತಿ ಅಂಗಡಿಗೆ. ಅಲ್ಲಿ ತೂಕ, ದರ, ಹಮಾಲಿ, ಬಡ್ಡಿ ಎಲ್ಲವೂ ವಹಿಯೊಳಗೇ ಕೂಡಿ ಕಳೆದು, ಕೈಗೆ ಬರುವುದು ಒಂದು ಪಟ್ಟಿ ಮತ್ತು ಉಳಿದಷ್ಟು ರೊಕ್ಕ. ಇತ್ತ ಮನೆಯಲ್ಲಿ ರೈತನ ಲೆಕ್ಕವೆಂದರೆ ಗೋಡೆಯ ಮೇಲೆ ಎಳೆದ ಇದ್ದಿಲ ಗೆರೆಗಳು. ಹಾಲಿನ ಲೆಕ್ಕಕ್ಕೆ, ಕೂಲಿಯ ದಿನಗಳಿಗೆ ಅಷ್ಟು ಸಾಕಾಗುತ್ತಿತ್ತು. ಬಡ್ಡಿಯ ಲೆಕ್ಕಕ್ಕೆ ಸಾಲುತ್ತಿರಲಿಲ್ಲ.

ಇದರರ್ಥ ಸಾಹುಕಾರರೆಲ್ಲ ವಂಚಕರೆಂದಲ್ಲ. ಬರಗಾಲದ ವರ್ಷ ಯಾವ ಬ್ಯಾಂಕೂ ಬಾರದ ಹಳ್ಳಿಗೆ ಕಾಳು ಕೊಟ್ಟು ಬದುಕಿಸಿದವರೂ ಅವರೇ. ಆದರೆ ಲೆಕ್ಕದ ಎರಡು ಕಡೆಯವರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಲೆಕ್ಕಣಿಕೆ ಇದ್ದರೆ, ಪ್ರಾಮಾಣಿಕತೆಯೂ ಅವನೊಬ್ಬನ ಮರ್ಜಿಗೆ ಬಿಟ್ಟ ವಿಷಯವಾಗುತ್ತದೆ.

ಈ ಅನುಮಾನ ಕಾನೂನು ಮಾಡಿದವರಿಗೂ ಇತ್ತೆಂಬುದು ಗಮನಿಸತಕ್ಕ ಸಂಗತಿ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 34ನೆಯ ಕಲಮು, ಕ್ರಮಬದ್ಧವಾಗಿ ಇಟ್ಟ ಲೆಕ್ಕದ ಪುಸ್ತಕದ ನಮೂದುಗಳನ್ನು ನ್ಯಾಯಾಲಯ ನೋಡಬಹುದು ಎಂದಿತು. ಆದರೆ ಆ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ ಎಂದೂ ಸೇರಿಸಿತು. ಬರೆದವನೇ ತನ್ನ ಪರವಾಗಿ ಸಾಕ್ಷಿ ಸೃಷ್ಟಿಸಿಕೊಳ್ಳಬಾರದು ಎಂಬುದು ಇದರ ತಿರುಳು. ನೂರಿಪ್ಪತ್ತೈದು ವರ್ಷಗಳ ನಂತರ ಹವಾಲಾ ಡೈರಿ ಪ್ರಕರಣದಲ್ಲಿ ದೇಶದ ದೊಡ್ಡ ರಾಜಕಾರಣಿಗಳ ಹೆಸರು ಬಂದಾಗ ಇದೇ ಕಲಮು ಮುನ್ನೆಲೆಗೆ ಬಂತು. 1998ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಸುರುಳಿ ತಂತಿಯ ನೋಟುಪುಸ್ತಕವನ್ನು ‘ಪುಸ್ತಕ’ ಎನ್ನಬಹುದು, ಬಿಡಿ ಹಾಳೆಗಳ ಕಟ್ಟನ್ನು ಹಾಗೆನ್ನಲಾಗದು ಎಂದು ತೀರ್ಪಿತ್ತಿತು. ಪುಸ್ತಕವೇ ಆಗಿದ್ದರೂ ಬೇರೆ ಪುರಾವೆಯಿಲ್ಲದೆ ಅದರೊಳಗಿನ ಬರಹವಷ್ಟೇ ಸಾಲದು ಎಂದೂ ಹೇಳಿತು. ದೆಹಲಿಯ ಪ್ರಭಾವಿಗಳಿಗೆ ಒದಗಿದ ಈ ರಕ್ಷಣೆ ಕಾಗದದ ಮೇಲೆ ಜೇವರ್ಗಿಯ ಸಾಲಗಾರನಿಗೂ ಇತ್ತು. ಅವನ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದುದೇ ಅಪರೂಪ. ಹತ್ತಿದರೂ ವಹಿಯ ಜೊತೆಗೆ ಅವನದೇ ಹೆಬ್ಬೆಟ್ಟಿನ ಗುರುತಿದ್ದ ಕಾಗದವೂ ಬರುತ್ತಿತ್ತು.

1976ರಲ್ಲಿ ದೇವರಾಜ ಅರಸು ಸರ್ಕಾರದ ಕಾಲದಲ್ಲಿ ಕರ್ನಾಟಕ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂಹೀನ ಕೃಷಿ ಕೂಲಿಕಾರರು, ದುರ್ಬಲ ವರ್ಗದವರನ್ನು ಖಾಸಗಿ ಸಾಲದಿಂದ ಬಿಡುಗಡೆ ಮಾಡುವುದು ಅದರ ಉದ್ದೇಶ. ಸಾಲ ಕಾನೂನಿನಲ್ಲಿ ಅಳಿಯಿತು. ಆದರೆ ಮುಂದಿನ ಮಿರಗಕ್ಕೆ ಬೀಜ ಬೇಕಾದಾಗ ಹೋಗಬೇಕಾದದ್ದು ಅದೇ ಅಂಗಡಿಗಾದರೆ, ವಹಿಯಲ್ಲಿ ಅದು ಅಳಿಯುವುದು ಅಷ್ಟು ಸುಲಭವಿರಲಿಲ್ಲ.

ಓದಲಾಗದ ಸರ್ಕಾರ

ಸಾಹುಕಾರನ ವಹಿಯಷ್ಟೇ ಭಾರವಾದದ್ದು ಕುಲಕರ್ಣಿಯ ದಫ್ತರ. ಹೈದರಾಬಾದ್ ಸಂಸ್ಥಾನದ ಭಾಷೆಯಲ್ಲಿ ಅವನು ಪಟವಾರಿ. ಜಮೀನು ಯಾರದು, ಉಳುವವನಾರು, ಬೆಳೆ ಯಾವುದು, ಕಂದಾಯ ಎಷ್ಟು ಎಂಬುದೆಲ್ಲ ಅವನು ಬರೆದಂತೆ. 1884ರ ಸುಮಾರಿಗೆ ನಿಜಾಮ ಸರ್ಕಾರ ಪಾರಸಿಯ ಬದಲು ಉರ್ದುವನ್ನು ಆಡಳಿತ ಭಾಷೆಯನ್ನಾಗಿ ಮಾಡಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ, ಕಚೇರಿಯಲ್ಲಿ ಉರ್ದು. ತಾರೀಖು ಕೂಡ ಬೇರೆಯೇ. ಫಸಲಿ ಎಂಬ ಆ ಕಾಲಗಣನೆಗೆ, ತಿಂಗಳಿಗೆ ತಕ್ಕಂತೆ, 590 ಅಥವಾ 591 ಸೇರಿಸಿದರೆ ಇಂದಿನ ಇಸವಿ ಸಿಗುತ್ತದೆ. ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರ್, ಹಳೆಯ ದಫ್ತರದ ಪ್ರಕಾರ ಫಸಲಿ 1357ರ ಕೊನೆಯ ದಿನಗಳು. ತಾತನ ಹೊಲದ ಕಾಗದ ಹಿಡಿದುಕೊಂಡು ಬಂದ ಮೊಮ್ಮಗನಿಗೆ ಅದರ ಲಿಪಿಯೂ ತಿಳಿಯದು, ವರ್ಷವೂ ತಿಳಿಯದು ಎಂಬ ಸ್ಥಿತಿ ಈ ಭಾಗದಲ್ಲಿ ಹುಟ್ಟಿದ್ದು ಹೀಗೆ.

ಇದರ ಮೇಲೆ ಕಲಬುರಗಿ ಜಿಲ್ಲೆಯ ಅನೇಕ ಹಳ್ಳಿಗಳು ಪಾಯಗಾ, ಜಹಗೀರುಗಳಿಗೆ ಸೇರಿದ್ದವು. ಅವುಗಳಿಗೆ ತಮ್ಮದೇ ಕಚೇರಿ, ತಮ್ಮದೇ ದಫ್ತರ. 1949ರಲ್ಲಿ ಜಹಗೀರುಗಳು ರದ್ದಾದವು. 1954-55ರಲ್ಲಿ ಖಾಸರಾ ಪಹಣಿ ತಯಾರಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಬರವಣಿಗೆ ಕ್ರಮೇಣ ಕನ್ನಡಕ್ಕೆ ತಿರುಗಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಪಟವಾರಿಯ ಜಾಗದಲ್ಲಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ಕೈಬರಹದ ಪಹಣಿಯ ಕಾಲ ಅಲ್ಲಿಗೂ ಮುಗಿಯಲಿಲ್ಲ. 2000ದ ಸುಮಾರಿನಲ್ಲಿ ಭೂಮಿ ಯೋಜನೆ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆಯೇ ಲೆಕ್ಕಿಗನ ಮನೆಯ ಮುಂದೆ ಕಾಯುವುದು ತಪ್ಪಿತು. ತಪ್ಪಾಗಿ ಏರಿದ ಹೆಸರನ್ನು ತಿದ್ದಿಸಲು ತಹಸೀಲ್ ಕಚೇರಿಗೆ ಅಲೆಯುವುದು ಅದರ ನಂತರದ ಅಧ್ಯಾಯ.

ಪದದ ವಹಿ

ಇಲ್ಲಿಯವರೆಗೆ ಹೇಳಿದ್ದು ಬೇರೆಯವರು ಬರೆದ ವಹಿಗಳ ಮಾತಾಯಿತು. ಜನ ತಾವಾಗಿ ಬರೆದುಕೊಂಡ ವಹಿಯೊಂದು ಇದೇ ನೆಲದಲ್ಲಿದೆ. ಅದರಲ್ಲಿ ಸಾಲವಿಲ್ಲ, ಹಾಡಿದೆ.

ತತ್ವಪದಗಳ ಹೆಸರೆತ್ತಿದರೆ ಈ ಭಾಗದಲ್ಲಿ ಮೊದಲು ನೆನಪಾಗುವುದು ಕಡಕೋಳ ಮಡಿವಾಳಪ್ಪ. ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರು, ನೆಲೆ ನಿಂತದ್ದು ಆಗಿನ ಜೇವರ್ಗಿ ತಾಲೂಕಿನ ಕಡಕೋಳ. ಕಡಕೋಳ ಇಂದು ಹೊಸ ಯಡ್ರಾಮಿ ತಾಲೂಕಿಗೆ ಸೇರಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬದುಕಿದ್ದ ಈತನ ಸುತ್ತ ಬೆಳೆದ ಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡದ ಸಿದ್ಧಪ್ಪ ಮೊದಲಾದ ಹೆಸರುಗಳು ಬರುತ್ತವೆ. ಹೆಸರು ಓದಿದರೆ ಸಾಕು, ಇಲ್ಲಿ ಜಾತಿ ಮತದ ಗೋಡೆ ಎಷ್ಟು ತೆಳುವಾಗಿತ್ತೆಂದು ಗೊತ್ತಾಗುತ್ತದೆ.

ಈ ಪದಗಳು ಅಚ್ಚಿನ ಮನೆ ಕಾಣುವ ಮೊದಲು ಬಹುಕಾಲ ಉಳಿದದ್ದು ಎರಡು ಕಡೆ: ಹಾಡುವವರ ಗಂಟಲಲ್ಲಿ ಮತ್ತು ಭಜನೆಯವರ ವಹಿಯಲ್ಲಿ. ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಗುಡಿಯ ಪೌಳಿಯಲ್ಲೋ ಏಕತಾರಿ, ದಮ್ಮಡಿ, ತಾಳಗಳ ನಡುವೆ ಕಂದೀಲಿನ ಬೆಳಕಿಗೆ ತೆರೆದಿಟ್ಟ ವಹಿ ಮೇಳದ ಆಸ್ತಿ. ಹಾಡುವ ಮುಖ್ಯಸ್ಥನಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಹುಡುಗನನ್ನು ಕೂರಿಸಿಕೊಂಡು ಬರೆಸುವುದಿತ್ತು. ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂಬ ಸೂಚನೆ; ಕೊನೆಯ ನುಡಿಯಲ್ಲಿ ಅಂಕಿತ. ಅಂಕಿತದಿಂದ ಪದ ಯಾರದೆಂದು ತಿಳಿಯಬೇಕು. ಆದರೆ ನಕಲು ಮಾಡುವಾಗ ಕೊನೆಯ ನುಡಿ ಬಿಟ್ಟುಹೋದರೆ, ಅಥವಾ ಹಾಡುಗಾರ ತನ್ನ ಗುರುವಿನ ಹೆಸರನ್ನು ಸೇರಿಸಿಬಿಟ್ಟರೆ, ಒಬ್ಬರ ಪದ ಇನ್ನೊಬ್ಬರದಾಗುತ್ತಿತ್ತು.

ಈ ವಹಿಗಳ ಕಾಗುಣಿತ ನೋಡಿ ನಗುವವರಿದ್ದಾರೆ. ಜ್ಞಾನ ಇಲ್ಲಿ ಗ್ಯಾನ, ಶರಣ ಬಹಳ ಸಲ ಸರಣ. ಮಹಾಪ್ರಾಣಗಳು ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. ಇದನ್ನು ತಪ್ಪೆನ್ನುವುದಕ್ಕಿಂತ ಕಿವಿಗೆ ಕೇಳಿದ್ದನ್ನು ಬರೆದ ದಾಖಲೆ ಎನ್ನುವುದೇ ಸರಿ. ಇನ್ನೂರು ವರ್ಷಗಳ ಹಿಂದಿನ ಹಾಡು ಕಳೆದ ಶತಮಾನದ ಬಾಯಲ್ಲಿ ಹೇಗೆ ಕೇಳುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಪಂಡಿತರ ಕೈಗೆ ಸಿಕ್ಕು ಶುದ್ಧವಾಗಿ ಅಚ್ಚಾದ ಪ್ರತಿಗಳಲ್ಲಿ ಈ ದನಿ ಅಡಗಿಹೋಗುವುದುಂಟು.

ಮೊಹರಮ್ಮಿನ ಪದಗಳಿಗೂ ಇದೇ ಬಗೆಯ ಆಸರೆ. ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದದ ಸುತ್ತಲಲ್ಲಷ್ಟೇ ಅಲ್ಲ, ಕಲಬುರಗಿ, ವಿಜಯಪುರ, ರಾಯಚೂರು ಸೀಮೆಗಳಲ್ಲೆಲ್ಲ ಕರ್ಬಲಾದ ಕಥೆಯನ್ನು ರಿವಾಯತ್ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಉರ್ದುವಿನವನಿಗೆ ಬಯಾಜ್ ಆದದ್ದು ಕನ್ನಡದವನಿಗೆ ಪದದ ವಹಿ.

ಹಾಡಿನ ವಹಿಯಲ್ಲಿ ಹಾಡಷ್ಟೇ ಇರುತ್ತದೆಂದು ತಿಳಿಯಬಾರದು. ಕಾಗದ ದುಬಾರಿ, ಮನೆಗೊಂದೇ ವಹಿ. ಹಿಂದಿನ ಪುಟಗಳಲ್ಲಿ ಎತ್ತು ಕೊಂಡ ದಿನ, ಚೇಳು ಕಡಿತದ ಮದ್ದು, ಮಗಳ ಮದುವೆಗೆ ಬಂದ ಮುಯ್ಯಿ, ಮಕ್ಕಳು ಹುಟ್ಟಿದ ತಿಥಿ ನಕ್ಷತ್ರ ಎಲ್ಲವೂ ಸೇರುತ್ತಿದ್ದವು. ಈ ಕೊನೆಯದಕ್ಕೆ ವಿಶೇಷ ಬೆಲೆಯಿದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟದ್ದರಿಂದ ರಾಜ್ಯದ ಒಂದು ಇಡೀ ತಲೆಮಾರು ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ತಂದೆಯ ವಹಿಯ ಹಿಂದಿನ ಪುಟದಲ್ಲಿ ತಿಥಿ ಇದ್ದವರು ಮಾತ್ರ ಈ ಸಾಮೂಹಿಕ ಹುಟ್ಟುಹಬ್ಬದಿಂದ ಪಾರಾದರು.

ಹೆಂಗಸರ ಕೈಗೆ

ವಹಿಯ ಕಥೆಯಲ್ಲಿ ಹೆಂಗಸರು ಬರುವುದು ಬಹಳ ತಡವಾಗಿ. ಬಂದಾಗ ಮಾತ್ರ ಲೆಕ್ಕದ ವಹಿಯೊಂದಿಗೇ ಬಂದರು. 2000-01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಆರಂಭವಾಯಿತು. ಅದಕ್ಕೂ ಮೊದಲು, 1992ರಲ್ಲಿ, ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತ್ತು. ಗುಂಪುಗಳಿಗೆ ಹೇಳಿಕೊಡುವ ಪಂಚಸೂತ್ರಗಳಲ್ಲಿ ಸಭೆ, ಉಳಿತಾಯ, ಒಳಸಾಲ, ಮರುಪಾವತಿಗಳ ನಂತರ ಐದನೆಯದೇ ಪುಸ್ತಕ ಬರೆಯುವುದು. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ. ಅಜ್ಜಿಯ ಹೆಸರು ಸಾಹುಕಾರನ ವಹಿಯಲ್ಲಿದ್ದರೆ, ಮೊಮ್ಮಗಳು ತಾನೇ ವಹಿ ಬರೆದು, ವಾರದ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಈ ‘ಎಲ್ಲರಿಗೂ ಕೇಳುವಂತೆ’ ಎಂಬುದೇ ದೊಡ್ಡ ಬದಲಾವಣೆ. ಅಂಗಡಿಯ ವಹಿಯನ್ನು ಯಾರೂ ಗಟ್ಟಿಯಾಗಿ ಓದಿದ್ದಿಲ್ಲ.

ಈ ಗೆಲುವು ಪೂರ್ತಿಯಾದುದಲ್ಲ. ಗುಂಪಿನ ಹಾದಿಯನ್ನೇ ಹಿಡಿದು ಬಂದ ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಹೊಸ ಕಾನೂನನ್ನೇ ತರಬೇಕಾಯಿತು. ಸಾಲಗಾರಳ ಕೈಯಲ್ಲಿ ಪಾಸ್ ಬುಕ್ ಇದ್ದರೂ, ನಿಜವಾದ ಲೆಕ್ಕ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ.

ಎಪ್ಪತ್ತೈದು ವರ್ಷಗಳ ಗಡಿ

ಲೆಕ್ಕದ ವಹಿಗೆ ಕಾನೂನಿನ ಆಸರೆ ಇಂದಿಗೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ ಹಳೆಯ 34ನೆಯ ಕಲಮಿನ ತಿರುಳನ್ನು ಉಳಿಸಿಕೊಂಡಿದೆ. ಹಾಡಿನ ವಹಿಗೆ ಇಂಥ ಪೋಷಕರಿಲ್ಲ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಹೊರತಂದದ್ದು ದೊಡ್ಡ ಕೆಲಸವೇ. ಅದರಿಂದ ಪದಗಳು ಉಳಿದವು. ಆದರೆ ವಹಿಗಳು ಮನೆಮನೆಯ ನಾಗೊಂದಿಗೆಯ ಮೇಲೆ, ಟ್ರಂಕಿನ ತಳದಲ್ಲಿ ಉಳಿದಿವೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಪರಿಹಾರದ ಪಟ್ಟಿಯಲ್ಲಿ ಮನೆ, ಬೆಳೆ, ದನಗಳಿಗೆ ಕಲಮುಗಳಿದ್ದವು. ತೊಯ್ದ ವಹಿಗೆ ಯಾವ ಪರಿಹಾರ ತಾನೆ ಕೊಡಲಾದೀತು?

ಇನ್ನೊಂದು ತೊಡಕು ವ್ಯಾಖ್ಯೆಯದು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್, ಹಸ್ತಪ್ರತಿ ಎನ್ನಿಸಿಕೊಳ್ಳಲು ಕೈಬರಹಕ್ಕೆ ಕನಿಷ್ಠ 75 ವರ್ಷ ಆಗಿರಬೇಕು ಎಂದು ಗೊತ್ತು ಮಾಡಿತು. ತಾಳೆಗರಿಗೆ ಈ ನಿಯಮದಿಂದ ತೊಂದರೆಯಿಲ್ಲ, ಅದು ಶತಮಾನಗಳನ್ನೇ ದಾಟಿ ಬಂದಿದೆ. ಶಾಲೆಯ ಮಕ್ಕಳಿಗೆಂದು ತಯಾರಾದ ಅಗ್ಗದ ಕಾಗದ ಹಾಗಲ್ಲ. ಮೂವತ್ತು ನಲವತ್ತು ವರ್ಷಗಳಲ್ಲೇ ಹಳದಿಗಟ್ಟಿ, ಮಡಚಿದಲ್ಲಿ ಮುರಿಯತೊಡಗುತ್ತದೆ. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆಗಳನ್ನು ತಿನ್ನುತ್ತದೆ. 1972ರ ಬರಗಾಲದಲ್ಲಿ ಬರೆದ ಪದದ ವಹಿಯೊಂದು ಎಲ್ಲಾದರೂ ಟ್ರಂಕಿನಲ್ಲಿದ್ದರೆ, ಈ ಲೆಕ್ಕದಲ್ಲಿ ಅದು ಹಸ್ತಪ್ರತಿಯಾಗುವುದು 2047ರಲ್ಲಿ.